ಸಹಾಯ ಬೇಕು: ಬರಿಗಾಲಿನ ಕಬಡ್ಡಿಗೆ ಯಾವ ಆ್ಯಂಕಲ್ ಸಪೋರ್ಟ್?

ಎಲ್ಲರಿಗೂ ನಮಸ್ಕಾರ. ನಾವು ಹಾವೇರಿಯವರು. ನನ್ನ ತಮ್ಮ ಕಬಡ್ಡಿ ಆಟಗಾರ, ರೈಡರ್. ಬೇಸಿಗೆಯಲ್ಲಿ ರೈಡ್ ಮುಗಿಸಿ ಹಿಂತಿರುಗುವಾಗ ಅವನ ಬಲ ಪಾದ ಒಳಮಗ್ಗುಲಿಗೆ ಹೊರಳಿ ಉಳುಕಿತು. ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿಲ್ಲ. ಹೊರಬದಿಯ ಲಿಗಮೆಂಟ್ ಹಿಗ್ಗಿದೆ ಎಂದರು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಒಂಟಿ ಕಾಲಿನಲ್ಲಿ ನಿಲ್ಲುವ ವ್ಯಾಯಾಮ ಬಿಡದೆ ಮಾಡುತ್ತಿದ್ದಾನೆ. ನಡೆದರೆ ನೋವಿಲ್ಲ. ಆದರೆ ಥಟ್ಟನೆ ತಿರುಗಿದರೆ ಪಾದ ಈಗಲೂ ಕೈಕೊಡುತ್ತದೆ.

ಔಷಧ ಅಂಗಡಿಯ ಎಲಾಸ್ಟಿಕ್ ಚೀಲ ಹಾಕಿ ನೋಡಿದೆವು. ಬಿಗಿಯಾಗಿ, ಬೆಚ್ಚಗೆ ಇರುತ್ತದೆ, ಅಷ್ಟೇ, ಹೊರಳುವುದನ್ನು ತಡೆಯುವುದಿಲ್ಲ. ಟೇಪ್ ಸುತ್ತಿದರೆ ಮೊದಲಿಗೆ ಚೆನ್ನಾಗಿ ಹಿಡಿಯುತ್ತದೆ, ಬೆವರಿದ ಮೇಲೆ ಸಡಿಲ.

ಉಳಿದಿರುವುದು ಎರಡು. ಒಂದು, ಲೇಸ್ ಕಟ್ಟಿ ಪಟ್ಟಿಗಳನ್ನು ಎಂಟರ ಆಕಾರದಲ್ಲಿ ಸುತ್ತುವ ಬ್ರೇಸ್. ಇನ್ನೊಂದು, ಎರಡೂ ಬದಿಗೆ ಗಟ್ಟಿ ಪ್ಲಾಸ್ಟಿಕ್ ಇದ್ದು, ಪಾದವನ್ನು ಮೇಲೆ ಕೆಳಗೆ ಮಾತ್ರ ಆಡಲು ಬಿಡುವ ಕೀಲಿನ ಬ್ರೇಸ್. ಹುಬ್ಬಳ್ಳಿಯ ಅಂಗಡಿಯವರು ಎರಡನೆಯದನ್ನೇ ಹೊಗಳಿದರು (ಬೆಲೆಯೂ ಅದರದ್ದೇ ಹೆಚ್ಚು!). ಆದರೆ ಅದು ಶೂ ಒಳಗೆ ಕೂರುವ ವಸ್ತು. ಮ್ಯಾಟ್ ಮೇಲೆ ತಮ್ಮ ಶೂ ಹಾಕುತ್ತಾನೆ; ಊರ ಜಾತ್ರೆಯ ಪಂದ್ಯಗಳು ಮಣ್ಣಿನಲ್ಲಿ, ಬರಿಗಾಲಿನಲ್ಲಿ. ಮೇಲಾಗಿ ಆ ಪ್ಲಾಸ್ಟಿಕ್ ಎದುರಾಳಿಗೆ ತಗುಲಿದರೆ?

ಬರಿಗಾಲಿನಲ್ಲಿ ಲೇಸ್ ಬ್ರೇಸ್ ಕಟ್ಟಿ ಆಡಿದವರು ಯಾರಾದರೂ ಇದ್ದೀರಾ? ಹಿಮ್ಮಡಿಯಲ್ಲಿ ಜಾರುತ್ತದೆಯೇ? ಗಟ್ಟಿ ಬ್ರೇಸ್ ಹಾಕಿಕೊಂಡರೆ ಅಂಪೈರ್ ಆಡಲು ಬಿಡುತ್ತಾರೆಯೇ?