ಸಣ್ಣ ಜಾಲತಾಣಕ್ಕೆ ಓದುಗರು ಏಕಾಏಕಿ ಮುಗಿಬಿದ್ದಾಗ

ಪ್ರಶ್ನೆ: ಹಳೆಯ ಗಡಿಯಾರಗಳ ದುರಸ್ತಿಯ ಕುರಿತು 1 ಜಿಬಿ ಮೆಮೊರಿಯ ಸರ್ವರ್‌ನಲ್ಲಿ, ವರ್ಡ್‌ಪ್ರೆಸ್ ಬಳಸಿ, ಹವ್ಯಾಸಕ್ಕಾಗಿ ಒಂದು ಜಾಲತಾಣ ನಡೆಸುತ್ತಿದ್ದೇನೆ. ಕಳೆದ ವಾರ ಒಂದು ಲೇಖನದ ಕೊಂಡಿಯನ್ನು ಬಹಳ ಜನ ಹಂಚಿಕೊಂಡಾಗ ತಾಣ ಸಂಪೂರ್ಣ ನಿಂತುಹೋಯಿತು. ನಾನೇ ಸರ್ವರ್‌ಗೆ ಲಾಗಿನ್ ಆಗಲು ಸಾಧ್ಯವಾಗಲಿಲ್ಲ. ದೊಡ್ಡ ಸರ್ವರ್ ಪಡೆಯುವುದು ಅನಿವಾರ್ಯವೇ, ದಯವಿಟ್ಟು ತಿಳಿಸಿ.

ಉತ್ತರ: ಸದ್ಯಕ್ಕೆ ಬೇಡ. ಸಾವಿರ ಜನ ಓದಿದರೂ ಆ ಲೇಖನ ಒಂದೇ. ಆದರೆ ನಿಮ್ಮ ಸರ್ವರ್ ಪ್ರತಿಯೊಬ್ಬರಿಗೂ ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆಯಲಾದ ಭಾಷೆ) ಓಡಿಸಿ, ಡೇಟಾಬೇಸನ್ನು ಕೇಳಿ, ಅದೇ ಪುಟವನ್ನು ಹೊಸದಾಗಿ ಕಟ್ಟುತ್ತಿದೆ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಬಳಸುತ್ತಿದ್ದರೆ, ಸಿದ್ಧ ಪುಟವನ್ನು ಉಳಿಸಿಟ್ಟು ಎಲ್ಲರಿಗೂ ಕೊಡುವ ಅದರ ಫಾಸ್ಟ್‌ಸಿಜಿಐ ಕ್ಯಾಶ್ ಅನ್ನು ಕೇವಲ 10 ಸೆಕೆಂಡುಗಳಿಗೆ ಚಾಲೂ ಮಾಡಿ, ಜೊತೆಗೆ ಒಂದು ಕೋರಿಕೆಗೆ ಪುಟ ಕಟ್ಟುವಾಗ ಉಳಿದವನ್ನು ಕಾಯಿಸುವ ಕ್ಯಾಶ್ ಲಾಕ್ ಇರಿಸಿದರೆ, ಎಷ್ಟೇ ಜನ ಬಂದರೂ ಆ ಪುಟ ನಿಮಿಷಕ್ಕೆ ಹೆಚ್ಚೆಂದರೆ ಆರು ಬಾರಿ ಸಿದ್ಧವಾದರೆ ಸಾಕಾಗುತ್ತದೆ. ಲಾಗಿನ್ ಆದವರ ಕುಕೀ (ಬ್ರೌಸರ್‌ನಲ್ಲಿ ಉಳಿಯುವ ಗುರುತು) ಇರುವ ಕೋರಿಕೆಗಳನ್ನು ಮಾತ್ರ ಕ್ಯಾಶ್‌ನಿಂದ ತಪ್ಪದೆ ಹೊರಗಿಡಿ. ಇಲ್ಲವಾದರೆ ನಿಮಗಾಗಿ ತಯಾರಾದ ಪುಟ ಬೇರೆಯವರ ಕಣ್ಣಿಗೆ ಬೀಳಬಹುದು.

ಲಾಗಿನ್ ಕೂಡ ಆಗಲಿಲ್ಲವೆಂದರೆ, ಬಹುಮಟ್ಟಿಗೆ ಮೆಮೊರಿ ತುಂಬಿ ಯಂತ್ರ ಡಿಸ್ಕಿನ ಸ್ವಾಪ್‌ಗೆ (ಮೆಮೊರಿಯ ಬದಲಿಗೆ ಬಳಸುವ, ಬಹಳ ನಿಧಾನವಾದ ಜಾಗಕ್ಕೆ) ಇಳಿದಿರಬೇಕು. ಇದು ನನ್ನ ದೃಷ್ಟಿಯಲ್ಲಿ ನಿಧಾನಗತಿಗಿಂತ ಗಂಭೀರವಾದ ಸಮಸ್ಯೆ. ಒಂದು ಪಿಎಚ್‌ಪಿ ಪ್ರಕ್ರಿಯೆಗೆ 60 ಎಂಬಿ ಬೇಕಾಗುತ್ತಿದ್ದು, ಡೇಟಾಬೇಸ್ ಮತ್ತು ಕಾರ್ಯಾಚರಣ ವ್ಯವಸ್ಥೆಗೆ 400 ಎಂಬಿ ಬಿಟ್ಟರೆ, ಉಳಿದದ್ದರಲ್ಲಿ ಹತ್ತು ಪ್ರಕ್ರಿಯೆಗಳಷ್ಟೇ ನೆಮ್ಮದಿಯಾಗಿ ನಡೆದಾವು. ಈ ಪ್ರಕ್ರಿಯೆಗಳನ್ನು ನಿರ್ವಹಿಸುವ ಪಿಎಚ್‌ಪಿ-ಎಫ್‌ಪಿಎಂನಲ್ಲಿ, ಏಕಕಾಲಕ್ಕೆ ಎಷ್ಟು ಪ್ರಕ್ರಿಯೆ ಎಂದು ಹೇಳುವ ಮ್ಯಾಕ್ಸ್ ಚಿಲ್ಡ್ರನ್ ಮಿತಿಯನ್ನು ಅಷ್ಟಕ್ಕೇ ನಿಲ್ಲಿಸಿ. ಆಗ ಕೆಲವರು ಸರದಿಯಲ್ಲಿ ಕಾಯಬೇಕಾದೀತು, ಕೆಲವರಿಗೆ ದೋಷದ ಪುಟವೂ ಕಂಡೀತು; ಆದರೂ ಯಂತ್ರ ನಿಮ್ಮ ಹತೋಟಿಯಲ್ಲಿರುತ್ತದೆ.

ಚಿತ್ರಗಳನ್ನೂ ಕಿರಿದಾಗಿಸಿ: ಪುಟದಲ್ಲಿ 3 ಎಂಬಿಯಷ್ಟು ಚಿತ್ರಗಳಿದ್ದರೆ ಸಾವಿರ ಓದುಗರಿಗೆ 3 ಜಿಬಿ ಸಾಗಿಸಬೇಕು. ಅವನ್ನು ಸಿಡಿಎನ್ (ಪ್ರತಿಗಳನ್ನು ಹಲವೆಡೆ ಇಟ್ಟು ಹಂಚುವ ಸರ್ವರ್‌ಗಳ ಜಾಲ) ಮೂಲಕ ಕೊಡುವುದು ಇನ್ನೂ ಒಳ್ಳೆಯದು.

ಮರುಪ್ರಶ್ನೆ: ಧನ್ಯವಾದಗಳು. ಬಂದವರು ನಿಜವಾದ ಓದುಗರೋ ಬಾಟ್‌ಗಳೋ (ತಾನಾಗಿ ಪುಟ ಜಾಲಾಡುವ ಪ್ರೋಗ್ರಾಂಗಳೋ) ಎಂದು ತಿಳಿಯುವುದು ಹೇಗೆ? ಒಂದು ಐಪಿಗೆ (ಅಂತರ್ಜಾಲ ವಿಳಾಸಕ್ಕೆ) ಇಂತಿಷ್ಟೇ ಕೋರಿಕೆ ಎಂದು ಕಟ್ಟುನಿಟ್ಟು ಮಾಡಬಹುದೇ?

ಉತ್ತರ: ಸರ್ವರ್‌ಗೆ ಬಂದ ಕೋರಿಕೆಗಳ ದಾಖಲೆಯಾದ ಆಕ್ಸೆಸ್ ಲಾಗ್ ನೋಡಿ. ಓದುಗರು ಸಾಮಾನ್ಯವಾಗಿ ಒಂದೇ ಲೇಖನಕ್ಕೆ ಬಂದು ಅದರ ಚಿತ್ರಗಳನ್ನೂ ಕೇಳುತ್ತಾರೆ. ಬಾಟ್‌ಗಳು ಬಹುತೇಕ ಚಿತ್ರಗಳನ್ನು ಬಿಟ್ಟು, ಹಳೆಯ ಪುಟಗಳನ್ನೂ ಹುಡುಕಾಟದ ಪುಟಗಳನ್ನೂ ಒಂದೊಂದಾಗಿ ಜಾಲಾಡುತ್ತವೆ. ಐಪಿ ಮಿತಿ ಹಾಕಬಹುದು, ಆದರೆ ಮೊಬೈಲ್ ಜಾಲಗಳಲ್ಲಿ ಒಂದೇ ಐಪಿಯ ಹಿಂದೆ ನೂರಾರು ಜನರಿರುವುದುಂಟು. ಹಾಗಾಗಿ ಕ್ಯಾಶ್‌ಗೆ ಸಿಗದ ಹುಡುಕಾಟದ ಪುಟ ಹಾಗೂ ಲಾಗಿನ್ ಪುಟಕ್ಕೆ ಮಾತ್ರ ಮಿತಿ ಹಾಕಿ, ಮೀರಿದವರಿಗೆ 429 ಸಂಕೇತ (‘ಕೋರಿಕೆಗಳು ಅತಿಯಾದವು’ ಎಂಬ ಉತ್ತರ) ಕಳುಹಿಸಿ.