ಅಪ್‌ಡೇಟ್: ಊತ ಕಣ್ಣಿನ ಕೆಳಗೆ, ತೊಂದರೆ ಹಲ್ಲಿನಲ್ಲಿ

ನಮ್ಮ ಒಂಬತ್ತು ವರ್ಷದ ನಾಯಿಗೆ ಬಲಗಣ್ಣಿನ ಕೆಳಗೆ ಊತ ಬರುತ್ತೆ, ಆ್ಯಂಟಿಬಯೋಟಿಕ್ ಕೊಟ್ಟರೆ ಇಳಿಯುತ್ತೆ, ನಿಲ್ಲಿಸಿದರೆ ಮತ್ತೆ ಬರುತ್ತೆ ಅಂತ ಕೇಳಿದ್ದೆನಲ್ಲ? 'ಕಣ್ಣು ಬಿಡಿ, ಹಲ್ಲು ತೋರಿಸಿ' ಅಂದವರ ಮಾತೇ ನಿಜವಾಯಿತು.

ಅರಿವಳಿಕೆ ಕೊಟ್ಟು ಎಕ್ಸ್‌ರೇ ತೆಗೆದರು. ಮೇಲ್ದವಡೆಯ ನಾಲ್ಕನೇ ಪ್ರೀಮೋಲಾರ್, ಅಂದರೆ ಆ ಕತ್ತರಿಯಂಥ ದೊಡ್ಡ ಹಲ್ಲು, ಹೊರಮೈಯಲ್ಲಿ ಚಕ್ಕೆ ಎದ್ದಿತ್ತು. ಬೇರಿನ ತುದಿಯ ಸುತ್ತ ಎಕ್ಸ್‌ರೇಯಲ್ಲಿ ಕಪ್ಪು ಉಂಗುರ: ಕೀವು ತಿಂದುಹಾಕಿದ ಮೂಳೆಯ ಜಾಗ. ಆ ಬೇರು ಕಣ್ಣಿನ ಕೆಳಗೇ ಇರುವುದರಿಂದ ಊತವೂ ಅಲ್ಲೇ. ಗಟ್ಟಿ ಮೂಳೆ ಕಡಿಯಲು ಕೊಡುತ್ತಿದ್ದವನು ನಾನೇ. ಹಲ್ಲು ಕ್ಲೀನಾಗುತ್ತೆ ಅಂದುಕೊಂಡಿದ್ದೆ!

ಆ ಹಲ್ಲಿಗೆ ಮೂರು ಬೇರು. ಇಡಿಯಾಗಿ ಎಳೆದರೆ ಬೇರು ಮುರಿಯಬಹುದಂತೆ, ಹಾಗಾಗಿ ಡ್ರಿಲ್‌ನಿಂದ ಮೂರು ಹೋಳು ಮಾಡಿ ಒಂದೊಂದಾಗಿ ತೆಗೆದರು. ರೂಟ್ ಕೆನಾಲ್ ಕೂಡ ಮಾಡಬಹುದಿತ್ತು, ಮೂಳೆ ಅಷ್ಟು ಸವೆದಿದ್ದರಿಂದ ನಾನು ಕೀಳಿಸುವುದಕ್ಕೇ ಒಪ್ಪಿದೆ. ಹೊಲಿಗೆ ತಾನಾಗಿ ಕರಗುವಂಥದ್ದು. ಎರಡು ವಾರ ಮೆತ್ತಗಿನ ಊಟ ಕೊಟ್ಟೆವು.

ಊತ ಮತ್ತೆ ಬಂದಿಲ್ಲ. ಇಷ್ಟು ದಿನ ಎಡಗಡೆಯಿಂದಷ್ಟೇ ಅಗಿಯುತ್ತಿದ್ದ ಅನ್ನೋದು ನನಗೆ ಗೊತ್ತಾಗಿದ್ದು, ನಿನ್ನೆ ತಲೆ ಓರೆ ಮಾಡದೆ ತಿಂದಾಗ.