ಅಪಲಾಚಿಯನ್ ಟ್ರೇಲ್ ಫೆಬ್ರವರಿಯಲ್ಲೇ ಶುರು ಮಾಡಬಹುದಾ? ಚಳಿ ಗೊತ್ತಿಲ್ಲದವಳ ಪ್ರಶ್ನೆ

ಗಿರಿನಗರದವಳು:

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೆ, ಬರೀತಿರೋದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ವಯಸ್ಸು 34. ಎಂಟು ವರ್ಷ ಒಂದೇ ಆಫೀಸಿನಲ್ಲಿ ತೇಯ್ದಮೇಲೆ ಆರು ತಿಂಗಳು ಸಂಬಳವಿಲ್ಲದ ರಜೆ ಸಿಕ್ಕಿದೆ, ಫೆಬ್ರವರಿ 1ರಿಂದ. ಅಮೆರಿಕದ ಅಪಲಾಚಿಯನ್ ಟ್ರೇಲ್ ಪೂರ್ತಿ ನಡೀಬೇಕು ಅನ್ನೋದು ಕಾಲೇಜು ಕಾಲದ ಹುಚ್ಚು. ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇಯ್ನ್‌ನ ಕಟಾಡಿನ್ ತನಕ, 14 ರಾಜ್ಯ, ಹತ್ತಿರಹತ್ತಿರ 3,500 ಕಿ.ಮೀ. ದಕ್ಷಿಣದಿಂದ ಹೊರಡೋರು ಸಾಮಾನ್ಯವಾಗಿ ಮಾರ್ಚ್, ಏಪ್ರಿಲ್‌ನಲ್ಲಿ ಹೊರಡ್ತಾರಂತೆ. ನನ್ನ ರಜೆ ಪ್ರಕಾರ ಫೆಬ್ರವರಿ ಮೊದಲ ವಾರವೇ ಹೊರಡಬೇಕು. ಅಂದರೆ ಚಳಿಗಾಲದ ಹೊಟ್ಟೆಯೊಳಗೇ.

ಸಾವನದುರ್ಗ, ಮಾಕಳಿದುರ್ಗ ಎಷ್ಟು ಸಲ ಹತ್ತಿದ್ದೀನೋ ಲೆಕ್ಕ ಇಟ್ಟಿಲ್ಲ. ಕುಮಾರಪರ್ವತ ಮೂರು ಸಲ. ಹಿಮ ನೋಡಿದ್ದು ಮಾತ್ರ ಒಂದೇ ಸಲ, ಮನಾಲಿಯಲ್ಲಿ, ಅದೂ ಬಾಡಿಗೆ ಕೋಟು ಹಾಕಿಕೊಂಡು ಫೋಟೋಗೆ. ಡಿಸೆಂಬರ್‌ನಲ್ಲಿ ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಗಟ್ಟಿಯಾದರೆ "ಏನ್ ಚಳಿ ಕಣ್ರೀ" ಅನ್ನೋ ಊರಿನವಳು ನಾನು.

ಒಂದು ಸಮಾಧಾನ ಇದೆ, ಸರಿಯೋ ತಪ್ಪೋ ಹೇಳಿ. ಸ್ಪ್ರಿಂಗರ್ ಎತ್ತರ ಬರೀ 1,152 ಮೀಟರ್. ನಮ್ಮ ನಂದಿ ಬೆಟ್ಟವೇ 1,478. ಹಿಮಾಲಯದ ಥರ ಉಸಿರು ಕಟ್ಟೋ ಎತ್ತರ ಎಲ್ಲೂ ಇಲ್ಲ. ಹಾಗಿದ್ದಮೇಲೆ ಚಳಿಯೂ ಅಷ್ಟೇ ಇರುತ್ತಲ್ವಾ?

ಮನೆಯಲ್ಲಿ ಅಮ್ಮ ಒಪ್ಪಿಲ್ಲ. ಎಮ್ಮಾ ಗೇಟ್‌ವುಡ್ ಅಂತ ಒಬ್ಬ ಅಜ್ಜಿ, 11 ಮಕ್ಕಳ ತಾಯಿ, 1955ರಲ್ಲಿ 67ನೇ ವಯಸ್ಸಿಗೆ ಒಬ್ಬಳೇ ಪೂರ್ತಿ ನಡೆದಳು, ಕಾಲಿಗೆ ಬರೀ ಕ್ಯಾನ್ವಾಸ್ ಶೂ ಇತ್ತು ಅಂತ ಕಥೆ ಹೇಳಿದೆ. "ಅವಳಿಗೆ ಮಕ್ಕಳೆಲ್ಲ ದೊಡ್ಡವರಾಗಿದ್ದರು, ನಿನಗೆ ಇನ್ನೂ ಮದುವೇನೇ ಆಗಿಲ್ಲ" ಅಂತ ಎಲ್ಲಿಂದ ಎಲ್ಲಿಗೋ ಹೋಯ್ತು ಮಾತು.

ಬೆಟ್ಟದ ಹುಳ:

ಮೇಡಂ, ಧೈರ್ಯವಾಗಿ ಹೋಗಿ. ಅದಕ್ಕೆ ಮುಂಚೆ ಈ ಡಿಸೆಂಬರ್‌ನಲ್ಲಿ ಕೇದಾರಕಂಠ ಒಂದು ಮಾಡಿಬಿಡಿ. ಡೆಹ್ರಾಡೂನ್‌ವರೆಗೆ ವಿಮಾನ, ಅಲ್ಲಿಂದ ಸಾಂಕ್ರಿಗೆ ಗಾಡಿ. ಹಿಮದ ಮೇಲೆ ನಡೆಯೋದು, ಟೆಂಟಿನಲ್ಲಿ ಮಲಗೋದು ಎರಡೂ ಅಭ್ಯಾಸ ಆಗುತ್ತೆ. 3,800 ಮೀಟರ್ ಹತ್ತಿದವರಿಗೆ ಜಾರ್ಜಿಯಾ ಯಾವ ಲೆಕ್ಕ.

ಅರ್ಧದಾರಿ:

ಬೆಟ್ಟದ ಹುಳ ಅವರ ಮಾತಿಗೆ ಸ್ವಲ್ಪ ಅಡ್ಡ ಬರ್ತೀನಿ, ಬೇಜಾರು ಮಾಡ್ಕೋಬೇಡಿ. ಕೇದಾರಕಂಠಕ್ಕೆ ನಾನೂ ಹೋಗಿದ್ದೆ. ಅಲ್ಲಿ ಟೆಂಟ್ ಹಾಕೋರು ಬೇರೆ, ಅಡುಗೆ ಮಾಡೋರು ಬೇರೆ. ಬೆಳಿಗ್ಗೆ ಯಾರೋ ಪುಣ್ಯಾತ್ಮ ಬಂದು "ಚಾಯ್" ಅಂತ ಕೂಗಿ ಲೋಟ ಕೈಗೆ ಕೊಡ್ತಾನೆ. ಆ ಲೋಟ ನಾವೇ ಕಾಯಿಸಿಕೊಳ್ಳಬೇಕಾದಾಗ ಚಳಿ ಏನು ಅಂತ ಗೊತ್ತಾಗೋದು.

ನಾನು 2019ರಲ್ಲಿ ಇದೇ ತಪ್ಪು ಮಾಡಿದವನು. ಫೆಬ್ರವರಿ 5ಕ್ಕೆ ಅಟ್ಲಾಂಟಾದಲ್ಲಿ ಇಳಿದೆ, 8ಕ್ಕೆ ಸ್ಪ್ರಿಂಗರ್ ಮೇಲಿದ್ದೆ. ನಿಮ್ಮ ನಂದಿ ಬೆಟ್ಟದ ಲೆಕ್ಕ ನಾನೂ ಹಾಕಿದ್ದೆ, ನನ್ನದು ಮುಳ್ಳಯ್ಯನಗಿರಿ. ಆ ಇಡೀ ಟ್ರೇಲ್‌ನ ಅತಿ ಎತ್ತರದ ಜಾಗ ಸ್ಮೋಕಿ ಪರ್ವತಗಳಲ್ಲಿರೋ ಕುವೋಹಿ. ನಾನು ಹೋದಾಗ ಕ್ಲಿಂಗ್‌ಮನ್ಸ್ ಡೋಮ್ ಅಂತಿದ್ದರು, 2024ರಲ್ಲಿ ಚೆರೋಕಿ ಜನರ ಹಳೇ ಹೆಸರು ವಾಪಸ್ ಬಂತು. ಅದೂ 2,025 ಮೀಟರ್ ಅಷ್ಟೇ, ಮುಳ್ಳಯ್ಯನಗಿರಿಗಿಂತ ನೂರು ಮೀಟರ್ ಹೆಚ್ಚು. ಆದರೆ ನಾವು ಇರೋದು 13ನೇ ಅಕ್ಷಾಂಶದಲ್ಲಿ, ಅದು ಇರೋದು 35ರಲ್ಲಿ. ಬೆಂಗಳೂರಿನ ದಾಖಲೆ ಚಳಿ ಅಂತ ಪೇಪರಿನವರು ಪ್ರತಿ ಜನವರಿ ಬರೀತಾರಲ್ಲ, 1884ರ 7.8 ಡಿಗ್ರಿ, ಅದು ಅಲ್ಲಿ ಫೆಬ್ರವರಿಯ ಒಳ್ಳೇ ಮಧ್ಯಾಹ್ನ.

ಅದಕ್ಕಿಂತ ಮುಖ್ಯ ಇನ್ನೊಂದಿದೆ. ಮೈನಸ್ ಹತ್ತು ಡಿಗ್ರಿಗೆ ನಾನು ಹೆದರಲಿಲ್ಲ. ಹೆದರಿದ್ದು ಎರಡು ಡಿಗ್ರಿಯಲ್ಲಿ ಸುರಿಯೋ ಮಳೆಗೆ. ಮೈನಸ್‌ನಲ್ಲಿ ಹಿಮ ಒಣಗಿರುತ್ತೆ, ಕೊಡವಿದರೆ ಬಿತ್ತು. ಎರಡು ಡಿಗ್ರಿ ಮಳೆ ಕಾಲರ್‌ನಿಂದ ಇಳಿದು ಸೊಂಟ ಮುಟ್ಟುತ್ತೆ. ಜಾಕೆಟ್ ಎಷ್ಟೇ ದುಬಾರಿಯದಾದರೂ ಒಳಗಿನ ಬೆವರೇ ಒದ್ದೆ ಮಾಡುತ್ತೆ. ಆರನೇ ದಿನ ಹೀಗೇ ನೆಂದು ಶೆಲ್ಟರ್ ತಲುಪಿದೆ. ಶೆಲ್ಟರ್ ಅಂದರೆ ಮೂರು ಕಡೆ ಗೋಡೆ, ನಾಲ್ಕನೇ ಕಡೆ ಬಯಲು. ಬೆರಳು ಮರಗಟ್ಟಿ ಬ್ಯಾಗಿನ ಬಕಲ್ ತೆಗೆಯೋಕೇ ಆಗಲಿಲ್ಲ, ಹಲ್ಲಿನಲ್ಲಿ ಕಚ್ಚಿ ತೆಗೆದೆ. ನಡುಗ್ತಿದ್ದವನಿಗೆ ನಡುಕ ನಿಂತಾಗ "ಅಬ್ಬ, ಸುಧಾರಿಸ್ತು" ಅನ್ನಿಸ್ತು. ಪಕ್ಕದಲ್ಲಿದ್ದ ಒಬ್ಬ ಮುದುಕ ನನ್ನನ್ನು ನೋಡಿ ಏನೂ ಕೇಳದೆ ನನ್ನ ಒದ್ದೆ ಬಟ್ಟೆ ಎಳೆದು ಬಿಸಾಕಿ ಸ್ಲೀಪಿಂಗ್ ಬ್ಯಾಗಿಗೆ ತುರುಕಿದ, ಸಕ್ಕರೆ ನೀರು ಕಾಯಿಸಿ ಕುಡಿಸಿದ. ಮೈ ಸೋತು ನಡುಕ ನಿಲ್ಲೋದು ಸುಧಾರಣೆ ಅಲ್ಲ, ಕೈಮೀರ್ತಿದೆ ಅಂತ ಅರ್ಥ. ಇದನ್ನು ನಾನು ಓದಿದ್ದೆ. ಆ ಹೊತ್ತಿಗೆ ನೆನಪಾಗಲಿಲ್ಲ.

ಸಾಮಾನಿನ ಪಟ್ಟಿ ಎಲ್ಲಾ ಕಡೆ ಸಿಗುತ್ತೆ, ನಾನು ಪೆಟ್ಟು ತಿಂದದ್ದು ಮಾತ್ರ ಹೇಳ್ತೀನಿ. ನೀರಿನ ಫಿಲ್ಟರ್ ಒಳಗೆ ಕೂದಲಿನಂಥ ಕೊಳವೆಗಳಿರ್ತವೆ. ಒಂದು ಸಲ ನೆಂದಮೇಲೆ ಹೆಪ್ಪುಗಟ್ಟಿದರೆ ಅವು ಸೀಳಿಹೋಗ್ತವೆ, ಹೊರಗಿಂದ ಏನೂ ಕಾಣಲ್ಲ, ನೀರು ಎಂದಿನಂತೆ ಬರ್ತಿರುತ್ತೆ. ರಾತ್ರಿ ಅದನ್ನು ಫೋನ್ ಮತ್ತು ಪವರ್ ಬ್ಯಾಂಕ್ ಜೊತೆ ಸ್ಲೀಪಿಂಗ್ ಬ್ಯಾಗ್ ಒಳಗೇ ಇಟ್ಟುಕೊಂಡು ಮಲಗಬೇಕು, ಮಗು ಥರ. ಗ್ಯಾಸ್ ಕ್ಯಾನ್ ವಿಮಾನದಲ್ಲಿ ಬಿಡಲ್ಲ, ಅಲ್ಲೇ ತಗೊಳ್ಳಿ. ಆದರೆ ಒಳಗೆ ಏನಿದೆ ಓದಿ: ಬರೀ ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಆವಿಯಾಗೋದೇ ಇಲ್ಲ, ಐಸೋಬ್ಯೂಟೇನ್ ಮತ್ತು ಪ್ರೋಪೇನ್ ಬೆರೆತದ್ದು ಬೇಕು. ನೀರಿನ ಬಾಟಲಿ ರಾತ್ರಿ ತಲೆಕೆಳಗೆ ನಿಲ್ಲಿಸಿ, ಮಂಜುಗಡ್ಡೆ ಮೇಲಿಂದ ಕಟ್ಟೋದರಿಂದ ಬೆಳಿಗ್ಗೆ ಮುಚ್ಚಳದ ಕಡೆ ನೀರಿರುತ್ತೆ. ಶೂ ಲೇಸ್ ಪೂರ್ತಿ ಸಡಿಲ ಮಾಡಿ ಮಲಗಿ, ಇಲ್ಲಾಂದ್ರೆ ಬೆಳಿಗ್ಗೆ ಮರದ ಪಾದುಕೆಯೊಳಗೆ ಕಾಲು ತೂರಿಸಿದ ಹಾಗಿರುತ್ತೆ. ಕಾಟನ್ ಬಟ್ಟೆ ಒಂದೂ ಬೇಡ. ಮಲಗೋಕೆ ಅಂತ ಒಂದು ಜೊತೆ ಉಣ್ಣೆ ಬಟ್ಟೆ ಬೇರೆ ಇಟ್ಟುಕೊಳ್ಳಿ, ಪ್ರಳಯ ಆದರೂ ಅದನ್ನು ಹಾಕಿಕೊಂಡು ನಡೀಬೇಡಿ.

ಅಭ್ಯಾಸಕ್ಕೆ ಹಿಮಾಲಯಕ್ಕಿಂತ ನಮ್ಮ ಮಳೆಗಾಲ ಒಳ್ಳೇದು. ಜುಲೈನಲ್ಲಿ ಸಕಲೇಶಪುರದ ಕಡೆ ಯಾವುದಾದರೂ ಹೋಂಸ್ಟೇ ಅಂಗಳದಲ್ಲಿ, ಸುರಿಯೋ ಮಳೆಯಲ್ಲಿ, ಒಬ್ಬರೇ ಟೆಂಟ್ ಹಾಕಿ ಸ್ಟವ್ ಹಚ್ಚಿ ನೋಡಿ. ಮಾಲೀಕರು ನಗ್ತಾರೆ, ನಗಲಿ.

ಅವಲಕ್ಕಿ ಭಕ್ತ:

ಊಟದ ವಿಷಯ ಯಾರೂ ಎತ್ತಲೇ ಇಲ್ಲ. ನಾನು ಟ್ರೇಲ್ ನಡೆದಿಲ್ಲ, ಅಕ್ಕನ ಮನೆ ಅಲ್ಲಿದೆ ಅಂತ ಹೋಗಿ ಬರ್ತಿರ್ತೀನಿ. ಹುರಿಹಿಟ್ಟು, ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿ ಪ್ಯಾಕ್ ಮಾಡಿ ಒಯ್ಯಿರಿ, ವಿಮಾನ ನಿಲ್ದಾಣದಲ್ಲಿ ಆಹಾರ ಇದೆ ಅಂತ ಹೇಳಿಬಿಡಿ, ಮುಚ್ಚಿಡಬೇಡಿ. ತೆಳು ಅವಲಕ್ಕಿ ಬಿಸಿನೀರಿಗೆ ಹಾಕಿದರೆ ಸಾಕು, ಗ್ಯಾಸ್ ಉಳಿಯುತ್ತೆ. ತುಪ್ಪ ಗಟ್ಟಿಯಾದರೂ ಚಮಚದಲ್ಲಿ ಕೆರೆದು ತಿನ್ನಬಹುದು.

ಗಿರಿನಗರದವಳು:

ಅರ್ಧದಾರಿ ಸರ್, ಆ ನಡುಕದ ಭಾಗ ಎರಡು ಸಲ ಓದಿದೆ. ಅಮ್ಮನಿಗೆ ತೋರಿಸಿಲ್ಲ. ನಿಮ್ಮ ಹೆಸರು ನೋಡಿ ಕೇಳಬೇಕು ಅನ್ನಿಸ್ತು, ಪೂರ್ತಿ ಮುಗಿಸಲಿಲ್ವಾ?

ಅರ್ಧದಾರಿ:

ಇಲ್ಲ. ನಿಮಗೆ ನಿಜವಾಗಿ ಹೇಳಬೇಕಾದದ್ದು ಅದೇ, ಸುತ್ತಿ ಬಳಸಿ ಇಲ್ಲಿಗೆ ಬಂದೆ.

ಪ್ರವಾಸಿ ವೀಸಾ ಹತ್ತು ವರ್ಷದ್ದಿದ್ದರೂ ಒಂದು ಸಲ ಹೋದರೆ ಸಾಮಾನ್ಯವಾಗಿ ಇರೋಕೆ ಕೊಡೋದು ಆರು ತಿಂಗಳು. ಎಷ್ಟು ದಿನ ಅಂತ ಇಳಿದ ನಿಲ್ದಾಣದ ಅಧಿಕಾರಿಯೇ ತೀರ್ಮಾನ ಮಾಡೋದು. ಗಡಿಯಾರ ಅಲ್ಲಿಂದ ಶುರು, ನೀವು ನಡೀರಿ ಬಿಡಿ. ವಿಸ್ತರಣೆಗೆ ಅರ್ಜಿ ಹಾಕಬಹುದು, ಅದನ್ನೇ ನೆಚ್ಚಿಕೊಂಡು ಹೊರಡಬೇಡಿ. 180 ದಿನದಲ್ಲಿ 3,500 ಅಂದರೆ ವಾರಕ್ಕೊಂದು ದಿನ ವಿಶ್ರಾಂತಿ ಬಿಟ್ಟು ದಿನಕ್ಕೆ 23 ಕಿ.ಮೀ. ಹತ್ತಿರ. ಬೇಗ ಹೊರಟರೆ ಬೇಗ ಮುಗಿಯುತ್ತೆ ಅಂತ ನನ್ನ ಲೆಕ್ಕ ಇತ್ತು. ಆದದ್ದೇ ಬೇರೆ. ಫೆಬ್ರವರಿಯಲ್ಲಿ ಬೆಳಕಿರೋ ಹೊತ್ತು ಕಮ್ಮಿ, ಚಳಿಗೆ ಬ್ಯಾಗಿನ ತೂಕ ಜಾಸ್ತಿ, ಬಿರುಗಾಳಿ ಅಂದರೆ ಹಾಸ್ಟೆಲ್‌ನಲ್ಲಿ ದುಡ್ಡು ಕೊಟ್ಟು ಕೂರೋದು. ಸ್ಮೋಕಿಯಲ್ಲಿ ಮಾರ್ಚ್ ಮಧ್ಯದಲ್ಲೂ ಮೊಣಕಾಲುದ್ದ ಹಿಮ, ಊರಿಗಿಳಿಯೋ ರಸ್ತೆ ಮುಚ್ಚಿತ್ತು. ನಾರ್ತ್ ಕ್ಯಾರೊಲಿನಾದ ಹಾಟ್ ಸ್ಪ್ರಿಂಗ್ಸ್ ಊರು 440ನೇ ಕಿ.ಮೀ. ನಾನು ತಲುಪಿದ್ದು 45ನೇ ದಿನ. ಮಾರ್ಚ್ ಆರಂಭದಲ್ಲಿ ಹೊರಟಿದ್ದ ಹುಡುಗರು ಅಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಪ್ಯಾನ್‌ಕೇಕ್ ತಿಂತಿದ್ದರು.

ಆಗಸ್ಟ್ ಮೊದಲ ವಾರ ದಿನ ಮುಗೀತು. ನ್ಯೂ ಹ್ಯಾಂಪ್‌ಶೈರ್‌ನ ಹಾನೋವರ್‌ನಲ್ಲಿ ನಿಂತೆ, ಇನ್ನೂ 700 ಕಿ.ಮೀ. ಉಳಿದಿತ್ತು. ಪೂರ್ತಿ ತಪ್ಪು ಚಳಿಯದ್ದು ಅನ್ನಲ್ಲ, ಜೂನ್‌ನಲ್ಲಿ ಮೊಣಕಾಲೂ ಕೈಕೊಟ್ಟಿತ್ತು. ಆದರೂ ಆ 45 ದಿನದಲ್ಲಿ ಅರ್ಧದಷ್ಟನ್ನು ಸುಮ್ಮನೆ ಸುಟ್ಟೆ. ನಿಮ್ಮ ಗೇಟ್‌ವುಡ್ ಅಜ್ಜಿ ಜಾಣೆ, ಹೊರಟಿದ್ದು ಮೇ ತಿಂಗಳಲ್ಲಿ.

ರಜೆಯನ್ನು ಮಾರ್ಚ್ 20ಕ್ಕೆ ತಳ್ಳೋಕೆ ಆಗುತ್ತಾ ಕೇಳಿ. ಸೆಪ್ಟೆಂಬರ್ 20ರ ತನಕ ಸಮಯ ಸಿಗುತ್ತೆ, ಕಟಾಡಿನ್‌ಗೆ ಅಕ್ಟೋಬರ್ ಮಧ್ಯದವರೆಗೆ ತೊಂದರೆ ಇಲ್ಲ. ಮಾರ್ಚ್‌ನಲ್ಲೂ ಮೊದಲ ಮೂರು ವಾರ ಚಳಿಗಾಲವೇ, ನಾನು ಹೇಳಿದ ಸಾಮಾನೆಲ್ಲ ಬೇಕೇ ಬೇಕು. ಏಪ್ರಿಲ್‌ಗೆ ಹೋಗೋ ಹಾಗಿದ್ದರೆ ಮಧ್ಯದ ಹಾರ್ಪರ್ಸ್ ಫೆರಿಯಿಂದ ಉತ್ತರಕ್ಕೆ ನಡೆದು, ಮುಗಿದ ಮೇಲೆ ವಾಪಸ್ ಅಲ್ಲಿಗೇ ಬಂದು ದಕ್ಷಿಣಕ್ಕೆ ನಡೆಯೋ ದಾರಿಯೂ ಇದೆ. ಫೆಬ್ರವರಿ ಬಿಟ್ಟು ಬೇರೆ ಸಿಗಲ್ಲ ಅಂದರೆ, ಹೋಗಿ, ಆದರೆ ಪೂರ್ತಿ ಮುಗಿಸೋ ಹಟ ಇಲ್ಲಿ ಬಿಟ್ಟು ಹೋಗಿ.

ಇನ್ನೊಂದು, ನೀಲ್ಸ್ ಗ್ಯಾಪ್ ಅಂತ 50ನೇ ಕಿ.ಮೀ.ನಲ್ಲಿ ಒಂದು ಅಂಗಡಿ ಇದೆ. ನಾನು ಹೋದಾಗ ಮುಂದಿನ ಮರಕ್ಕೆ ನೂರಾರು ಹಳೇ ಶೂ ನೇತುಹಾಕಿದ್ದರು, ಅಲ್ಲೇ ಬಿಟ್ಟು ಹೋದವರದ್ದು, ಹೊಸದು ಕೊಂಡವರದ್ದು. ಅಂಥದ್ದು ನೋಡಿ ಎದೆಗುಂದಬೇಡಿ.

ಗಿರಿನಗರದವಳು:

ಇವತ್ತು ಮ್ಯಾನೇಜರ್ ಹತ್ತಿರ ಮಾತಾಡಿದೆ. ಮಾರ್ಚ್ 15 ಆಗಬಹುದು, ಆದರೆ ಫೆಬ್ರವರಿ ಪೂರ್ತಿ ಶನಿವಾರವೂ ಬರಬೇಕಂತೆ. ಒಪ್ಪಿಕೊಂಡೆ. ಅಮ್ಮ ರಜೆ ಮುಂದಕ್ಕೆ ಹೋಗಿದ್ದು ಕೇಳಿ ಮನಸ್ಸು ಬದಲಾಯಿಸಿದ್ದೀನಿ ಅಂದುಕೊಂಡಿದ್ದಾರೆ, ಸದ್ಯಕ್ಕೆ ಹಾಗೇ ಇರಲಿ.

ಅರ್ಧದಾರಿ:

ಒಳ್ಳೇದಾಯ್ತು. ಶೂಗೆ ಹಾಕೋ ಮುಳ್ಳಿನ ಪಟ್ಟಿ, ಮೈಕ್ರೋಸ್ಪೈಕ್, ನಮ್ಮನೆ ಸಜ್ಜದ ಮೇಲೆ ಸುಮ್ಮನೆ ಬಿದ್ದಿದೆ. ಶೂ ಸೈಜ್ 9ಕ್ಕೆ ಆಗೋದು. ಭಾನುವಾರ ತುರಹಳ್ಳಿ ಕಾಡಿಗೆ ಬೆಳಿಗ್ಗೆ ಆರೂವರೆಗೆ ಬರ್ತೀನಿ, ಹತ್ತು ಕೇಜಿ ಅಕ್ಕಿ ಬ್ಯಾಗಿಗೆ ಹಾಕಿಕೊಂಡು ಬನ್ನಿ.

ಗಿರಿನಗರದವಳು:

ನನ್ನದು 5 ಸರ್. ಅಕ್ಕಿ ತಗೊಂಡು ಬರ್ತೀನಿ.